ರೀಲೋ, ಡಿಜಿಟಲ್ಲೋ? ಉತ್ತರ ಕನ್ನಡದಲ್ಲಿ ಫೋಟೋಗ್ರಫಿ ಕಲಿಯುವವರಿಗೆ ಟಿಪ್ಪಣಿ

ಹೊಸದಾಗಿ ಫೋಟೋಗ್ರಫಿ ಕಲಿಯುವವರು ಕೇಳುವ ಪ್ರಶ್ನೆ ಇದು: ರೀಲು ಹಾಕುವ ಫಿಲ್ಮ್ ಕ್ಯಾಮೆರಾ ತಗೊಳ್ಳೋದಾ, ಡಿಜಿಟಲ್ ಸಾಕಾ? ಉತ್ತರ ಕೊಡುವವರು ಹೆಚ್ಚಾಗಿ ಬಣ್ಣದ ಸೊಗಸು, ಹಳೇ ಕಾಲದ ಗುಂಗು ಅಂತ ಶುರು ಮಾಡುತ್ತಾರೆ. ಕಾರವಾರದಲ್ಲೋ ಶಿರಸಿಯಲ್ಲೋ ಇದ್ದು ಕಲಿಯುವವರಿಗೆ ಅದರಿಂದ ಏನೂ ಗಿಟ್ಟುವುದಿಲ್ಲ. ನಮ್ಮಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸುವುದು ಮಳೆಗಾಲ. ಬೆಳಕು ಎಷ್ಟು, ತೇವ ಎಷ್ಟು, ಫಿಲ್ಮ್ ತೊಳೆಯುವ ನೀರು ಎಷ್ಟು ಬಿಸಿ ಅನ್ನುವ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ಬೆಳಕು ಕೂರುವ ಬಗೆ

ಫಿಲ್ಮ್‌ನ ಮೇಲೆ ಜೆಲಟಿನ್ ಪದರ ಇರುತ್ತದೆ. ಅದರೊಳಗೆ ಬೆಳ್ಳಿ ಲವಣದ ತೀರಾ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದೆಡೆ ಸೇರುತ್ತವೆ. ಆಗ ಕಣ್ಣಿಗೆ ಏನೂ ಕಾಣುವುದಿಲ್ಲ. ಡೆವಲಪರ್ ಅನ್ನುವ ರಾಸಾಯನಿಕ ದ್ರಾವಣದಲ್ಲಿ ಅದ್ದಿದ ಮೇಲೆ ಆ ಹರಳು ಪೂರ್ತಿ ಬೆಳ್ಳಿಯಾಗಿ ಕಪ್ಪಾಗುತ್ತದೆ. ಬೆಳಕು ಕಾಣದ ಹರಳು ಫಿಕ್ಸರ್ ಅನ್ನುವ ಇನ್ನೊಂದು ದ್ರಾವಣದಲ್ಲಿ ಕರಗಿ ಹೋಗುತ್ತದೆ. ಉಳಿದದ್ದೇ ನೆಗೆಟಿವ್. ಕಲರ್ ಫಿಲ್ಮ್‌ನಲ್ಲಿ ಇಂಥ ಪದರಗಳು ಒಂದರ ಮೇಲೊಂದು ಇರುತ್ತವೆ, ಕೊನೆಗೆ ಬೆಳ್ಳಿ ಹೋಗಿ ಬಣ್ಣ ಮಾತ್ರ ಉಳಿಯುತ್ತದೆ.

ಡಿಜಿಟಲ್ ಸೆನ್ಸರ್‌ನ ಪ್ರತಿ ಪಿಕ್ಸೆಲ್ ಸೂರಿನ ಕೆಳಗಿಟ್ಟ ಕೊಡದ ಹಾಗೆ. ಬೆಳಕು ಬಿದ್ದಷ್ಟೂ ತುಂಬುತ್ತದೆ. ಬಾಯಿವರೆಗೆ ತುಂಬಿದ ಮೇಲೆ ಎಷ್ಟು ಸುರಿದರೂ ಲೆಕ್ಕಕ್ಕಿಲ್ಲ, ಅಲ್ಲಿ ಬರೀ ಬಿಳಿ. ನೆಗೆಟಿವ್ ಫಿಲ್ಮ್ ಹಾಗೆ ತಟ್ಟನೆ ಕೈ ಎತ್ತುವುದಿಲ್ಲ. ಬೆಳಕು ಜಾಸ್ತಿಯಾದಷ್ಟೂ ಕಪ್ಪಾಗುತ್ತಲೇ ಹೋಗುತ್ತದೆ, ಆ ಕಪ್ಪು ಏರುವ ವೇಗ ಮಾತ್ರ ನಿಧಾನವಾಗುತ್ತದೆ. ನೆರಳಿನ ವಿಷಯದಲ್ಲಿ ಇದು ತಿರುಗುಮುರುಗು. ಡಿಜಿಟಲ್‌ನಲ್ಲಿ ಕತ್ತಲ ಭಾಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು. ಫಿಲ್ಮ್‌ನಲ್ಲಿ ನೆರಳಿಗೆ ಬೆಳಕು ತಾಕದಿದ್ದರೆ ಅಲ್ಲಿ ಏನೂ ಇಲ್ಲ. ಅದಕ್ಕೇ ನೆಗೆಟಿವ್‌ಗೆ ನೆರಳು ನೋಡಿ ಬೆಳಕು ಅಳೆಯಿರಿ, ಡಿಜಿಟಲ್‌ಗೆ ಹೊಳಪು ನೋಡಿ ಅಳೆಯಿರಿ. ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರ ಚಿತ್ರವನ್ನೇ ಕೊಡುವ ಫಿಲ್ಮ್) ಹೊಳಪಿನ ವಿಷಯದಲ್ಲಿ ಡಿಜಿಟಲ್‌ಗಿಂತಲೂ ಬಿಗಿ. ಕಲಿಯುವಾಗ ಅದರ ತಂಟೆಗೆ ಹೋಗಬೇಡಿ.

ಇದನ್ನು ಕಣ್ಣಾರೆ ನೋಡಬೇಕಾದರೆ ಕಾರವಾರದ ಕಡಲ ತೀರಕ್ಕೆ ರಂಪಣಿ ಬಲೆ ಎಳೆಯುವ ಹೊತ್ತಿಗೆ ಹೋಗಿ. ಬಲೆ ದಡಕ್ಕೆ ಬಂದಾಗ ಮೀನಿನ ಮೈಮೇಲೆ ಬಿಸಿಲು ಫಳಫಳ ಹೊಳೆಯುತ್ತದೆ. ಪಕ್ಕದಲ್ಲೇ ಒದ್ದೆ ಮರಳು, ಬಗ್ಗಿದವರ ಮುಖ ನೆರಳಿನಲ್ಲಿ. ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಮೀನಿನ ಹೊಟ್ಟೆಯ ಹುರುಪೆ ಕಾಣುವುದಿಲ್ಲ, ಅಲ್ಲೊಂದು ಬಿಳಿ ತೇಪೆ ಇರುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ಒಂದೂವರೆ ಸ್ಟಾಪ್ ಕಡಿಮೆ ಮಾಡಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡರಷ್ಟು) ರಾ ಫೈಲ್, ಅಂದರೆ ಸೆನ್ಸರ್‌ನ ಕಚ್ಚಾ ಫೈಲ್, ತೆಗೆದರೆ ಹುರುಪೆ ಉಳಿಯುತ್ತದೆ, ಮುಖವನ್ನು ಆಮೇಲೆ ಎತ್ತಿಕೊಳ್ಳಬಹುದು. ಕಲರ್ ನೆಗೆಟಿವ್‌ನಲ್ಲಿ ಮುಖಕ್ಕೆ ಅಳೆದು ತೆಗೆದರೆ ಸಾಕು, ಮೀನಿನ ಚಿಂತೆ ಬೇಡ. ಮಧ್ಯಾಹ್ನದ ಬೀಚಿನಲ್ಲಿ ನನ್ನ ಓಟು ಈಗಲೂ ಫಿಲ್ಮ್‌ಗೇ.

ಜುಲೈ ತಿಂಗಳ ತೋಟದ ಲೆಕ್ಕ

ಬಿಸಿಲಿನ ಹಳೇ ಸೂತ್ರ ಗೊತ್ತಿರಬೇಕು: ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕೆ ಸಣ್ಣದಾದಷ್ಟೂ ದೊಡ್ಡದು) ಎಫ್/16 ಇಟ್ಟರೆ ಶಟರ್ ತೆರೆದಿರುವ ಹೊತ್ತು ಸೆಕೆಂಡಿನಲ್ಲಿ ಸುಮಾರು ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗದ ಅಂಕೆ) ಎಷ್ಟೋ ಅಷ್ಟರಲ್ಲಿ ಒಂದು ಭಾಗ. 200ರ ಫಿಲ್ಮ್ ಅಂದರೆ 1/250. ಮರಳು ಮತ್ತು ನೀರಿನ ಪ್ರತಿಫಲನ ಇರುವಲ್ಲಿ ಎಫ್/22. ತೆರೆದ ನೆರಳಿಗೆ ಬಂದರೆ ನಾಲ್ಕು ಸ್ಟಾಪ್ ಹೆಚ್ಚು ತೆರೆಯಬೇಕು, ಅಂದರೆ ಎಫ್/4.

ಈಗ ಶಿರಸಿ ಕಡೆಯ ಅಡಿಕೆ ತೋಟಕ್ಕೆ ಇಳಿಯಿರಿ. ಮೋಡ ಕವಿದಿದೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಕೊನೆಗೌಡ (ಅಡಿಕೆ ಕೊನೆ ಇಳಿಸುವವ) ಮರ ಹತ್ತಿದ್ದಾನೆ. ಇಲ್ಲಿ ಇನ್ನೂ ಮೂರು ಸ್ಟಾಪ್ ಹೋಯಿತು ಅಂದುಕೊಳ್ಳಿ. 200ರ ಫಿಲ್ಮ್‌ನಲ್ಲಿ ಎಫ್/4ಕ್ಕೆ ಶಟರ್ 1/30. ಆತ ಮರ ಜೀಕಿ ಮುಂದಿನ ಮರ ಹಿಡಿಯುವ ಕ್ಷಣ 1/30ರಲ್ಲಿ ಬರೀ ಗೀಟು. ಡಿಜಿಟಲ್‌ನಲ್ಲಿ ಐಎಸ್‌ಒ 200ರಿಂದ 1600ಕ್ಕೆ ತಿರುಗಿಸಿದರೆ ಅದೇ ಮೂರು ಸ್ಟಾಪ್ ವಾಪಸ್ ಬಂತು, ಶಟರ್ 1/250. ಆಮೇಲೆ ತೋಟದಿಂದ ಹೊರಬಂದು ಗದ್ದೆ ತೆಗೆಯಬೇಕಾದರೆ ಮತ್ತೆ 200. ಫಿಲ್ಮ್‌ನಲ್ಲಿ ರೀಲು ಹಾಕಿದ ಮೇಲೆ 36 ಫೋಟೋ ಮುಗಿಯುವವರೆಗೆ ಒಂದೇ ವೇಗ. ಪುಶ್ ಮಾಡುವುದಿದ್ದರೂ (ಹೆಚ್ಚು ಐಎಸ್‌ಒ ಅಂದುಕೊಂಡು ತೆಗೆದು, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದು) ಇಡೀ ರೀಲನ್ನೇ ಮಾಡಬೇಕು.

ಅದಕ್ಕೇ ಮಳೆಗಾಲದಲ್ಲಿ ಡಿಜಿಟಲ್ಲೇ ಸರಿ. ರಾತ್ರಿ ಯಕ್ಷಗಾನಕ್ಕೂ ಅಷ್ಟೇ. ಮಂಡಿ ಹಾಕಿ ತಿರುಗುವ ವೇಷಕ್ಕೆ 1/250 ಬೇಕು, ಫ್ಲ್ಯಾಶ್ ಹೊಡೆದು ಕಲಾವಿದರ ಕಣ್ಣು ಕುಕ್ಕುವುದು ಸಭ್ಯತೆಯೂ ಅಲ್ಲ. ಒಂದು ಎಚ್ಚರ: ನಮ್ಮ ಕರೆಂಟು 50 ಹರ್ಟ್ಸ್ ಇರುವುದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋಟೋದಲ್ಲಿ ಅಡ್ಡ ಪಟ್ಟೆ ಕಂಡರೆ ವೇಷ ನಿಂತಿರುವಾಗ 1/100 ಅಥವಾ 1/50ಕ್ಕೆ ಇಳಿಸಿ.

ಜಲಪಾತದವರಿಗೆ ಒಂದು ಮಾತು. ಉಂಚಳ್ಳಿಯಲ್ಲೋ ಮಾಗೋಡಿನಲ್ಲೋ ನೀರನ್ನು ನೊರೆನೊರೆಯಾಗಿ ತೋರಿಸಲು ಶಟರ್ ಉದ್ದ ತೆರೆದಿಡುತ್ತೇವೆ, ಅಲ್ವಾ? ಫಿಲ್ಮ್ ಒಂದು ಸೆಕೆಂಡ್ ದಾಟಿದ ಮೇಲೆ ಸುಸ್ತಾಗುತ್ತದೆ, ಬೆಳಕಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇಲ್‌ಫೋರ್ಡ್ ಎಚ್‌ಪಿ5 ಅನ್ನುವ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್‌ನಲ್ಲಿ ಬೆಳಕು ಅಳೆಯುವ ಮೀಟರ್ 10 ಸೆಕೆಂಡ್ ಹೇಳಿದರೆ ಸುಮಾರು 20 ಕೊಡಬೇಕು. ಡಿಜಿಟಲ್‌ನಲ್ಲಿ 10 ಅಂದರೆ 10.

ತೊಳೆಯುವುದು ಎಲ್ಲಿ?

ಮೊದಲೆಲ್ಲ ಪೇಟೆಯ ಸ್ಟುಡಿಯೋಗೆ ರೀಲು ಕೊಟ್ಟರೆ ಫೋಟೋ ತೊಳೆದು ಕೊಡುತ್ತಿದ್ದರು. ಈಗ ಹೆಚ್ಚಿನ ಸ್ಟುಡಿಯೋಗಳಲ್ಲಿ ಆ ಕೆಲಸ ನಿಂತಿದೆ. ಕಲರ್ ರೀಲು ಅಂದರೆ ದೊಡ್ಡ ಊರಿನ ಲ್ಯಾಬಿಗೆ ಕೊರಿಯರ್ ಮಾಡಬೇಕು. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಅವತ್ತು ಯಾವ ಅಪರ್ಚರ್ ಇಟ್ಟಿದ್ದೆವು ಅನ್ನುವುದೇ ಮರೆತಿರುತ್ತದೆ. ಫಿಲ್ಮ್‌ನಲ್ಲಿ ಕಲಿಯುವುದಾದರೆ ಪ್ರತಿ ಫೋಟೋಕ್ಕೂ ಪುಸ್ತಕದಲ್ಲಿ ಬರೆದಿಡಿ. ಅದು ಬೇಜಾರು ಅನ್ನಿಸಿದರೆ ಸುಮ್ನೆ ಡಿಜಿಟಲ್‌ನಲ್ಲಿ ಕಲಿಯಿರಿ.

ಬ್ಲ್ಯಾಕ್ ಅಂಡ್ ವೈಟ್ ಮನೆಯಲ್ಲೇ ತೊಳೆಯಬಹುದು. ಕತ್ತಲ ಕೋಣೆಯೂ ಬೇಡ, ರೀಲನ್ನು ಬೆಳಕು ಹೋಗದ ಡೆವಲಪಿಂಗ್ ಡಬ್ಬಿಗೆ ಹಾಕಲು ಒಂದು ಕಪ್ಪು ಚೇಂಜಿಂಗ್ ಬ್ಯಾಗ್ ಸಾಕು. ನಮ್ಮ ತೊಂದರೆ ಬೇರೆ. ಪುಸ್ತಕಗಳಲ್ಲಿ ಡೆವಲಪರ್ 20 ಡಿಗ್ರಿ ಇರಲಿ ಅಂತ ಬರೆದಿರುತ್ತದೆ. ಅದು ತಣ್ಣನೆ ದೇಶದ ನಲ್ಲಿ ನೀರಿನ ಲೆಕ್ಕ. ಏಪ್ರಿಲ್‌ನಲ್ಲಿ ಕಾರವಾರದ ಟ್ಯಾಂಕಿ ನೀರಿಗೆ ಥರ್ಮಾಮೀಟರ್ ಇಟ್ಟರೆ 30 ದಾಟಿದರೂ ಆಶ್ಚರ್ಯವಿಲ್ಲ. ಬಿಸಿ ಜಾಸ್ತಿಯಾದರೆ ಡೆವಲಪರ್ ಬೇಗ ಕೆಲಸ ಮಾಡುತ್ತದೆ, ಸಮಯ ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ನೆಗೆಟಿವ್ ಒಂದೆಡೆ ದಟ್ಟ ಒಂದೆಡೆ ತೆಳು ಆಗುವ ಅಪಾಯ. ಜೆಲಟಿನ್ ಕೂಡ ಮೆತ್ತಗಾಗಿ ಬೇಗ ಗೀರುತ್ತದೆ.

ದಾರಿ ಹೀಗೆ. ಅಗಲ ಬೋಗುಣಿಯಲ್ಲಿ ನೀರು, ಅದಕ್ಕೆ ಐಸ್ ಗಡ್ಡೆ, ಅದರೊಳಗೆ ಡೆವಲಪರ್, ಫಿಕ್ಸರ್ ಬಾಟಲಿಗಳು. ಐಸನ್ನು ಡೆವಲಪರ್‌ಗೇ ಹಾಕಬೇಡಿ, ನೀರಾಗುತ್ತದೆ. 20ಕ್ಕೆ ಇಳಿಸಲು ಒದ್ದಾಡುವ ಬದಲು 24ರಲ್ಲಿ ನಿಲ್ಲಿಸಿ ಸಮಯ ಕಡಿಮೆ ಮಾಡಿ. ಎಚ್‌ಪಿ5ಕ್ಕೆ ಡಿ-76 ಅನ್ನುವ ಡೆವಲಪರ್‌ನಲ್ಲಿ, ನೀರು ಬೆರೆಸದೆ, 20 ಡಿಗ್ರಿಗೆ ಏಳೂವರೆ ನಿಮಿಷ. 24ಕ್ಕೆ ಸುಮಾರು ಐದೂವರೆ. ಡೆವಲಪರ್ ಒಂದನ್ನೇ ತಣ್ಣಗೆ ಮಾಡಿ ಆಮೇಲೆ ಬಿಸಿ ನೀರಲ್ಲಿ ತೊಳೆಯುವುದು ಬೇಡ. ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿ ಇರಲಿ.

ತಮಾಷೆ ಏನೆಂದರೆ ಕಷ್ಟ ಅನ್ನಿಸಿಕೊಂಡ ಕಲರ್ ನೆಗೆಟಿವ್, ಅಂದರೆ ಸಿ-41, ಬಿಸಿಯ ಮಟ್ಟಿಗೆ ನಮಗೆ ಸಲೀಸು. ಅದಕ್ಕೆ 37.8 ಡಿಗ್ರಿ ಬೇಕು. ಶಿರಸಿ ಸೀಮೆಯ ಮನೆಗಳ ಬಚ್ಚಲ ಹಂಡೆಯಲ್ಲಿ ಬಿಸಿ ನೀರು ಇದ್ದೇ ಇರುತ್ತದೆ, ತಣ್ಣೀರು ಬೆರೆಸಿ ಹದ ಮಾಡಿಕೊಂಡರಾಯಿತು. ಆದರೆ ಡೆವಲಪರ್‌ನಲ್ಲಿ ಇರುವುದು ಮೂರೂಕಾಲು ನಿಮಿಷ ಮಾತ್ರ. ಅಷ್ಟು ಹೊತ್ತು ಬಿಸಿ ಅಲುಗಬಾರದು.

ತೊಳೆದದ್ದನ್ನು ಒಣಗಿಸುವುದು ಮಳೆಗಾಲದಲ್ಲಿ ದೊಡ್ಡ ರಗಳೆ. ಹಂಡೆ ಒಲೆಯ ಹತ್ತಿರ ಮಾತ್ರ ನೇತುಹಾಕಬೇಡಿ, ಹೊಗೆ ಬೂದಿ ಅಂಟುತ್ತದೆ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೋಟದ ಕಾಲುವೆಗೋ ಬಾವಿಕಟ್ಟೆಯ ಹತ್ತಿರವೋ ಚೆಲ್ಲಬಾರದು.

ಬೂಷ್ಟು

ಫಿಲ್ಮ್ ನೂರು ವರ್ಷ ಉಳಿಯುತ್ತದೆ, ಹಾರ್ಡ್‌ಡಿಸ್ಕ್ ಹಾಳಾಗುತ್ತದೆ ಅನ್ನುವ ವಾದ ಕೇಳಿರುತ್ತೀರಿ. ನಮ್ಮ ಕರಾವಳಿಯಲ್ಲಿ ಇದನ್ನು ಪೂರ್ತಿ ನಂಬಬೇಡಿ. ಜೆಲಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಪ್ರೋಟೀನ್. ಬೂಷ್ಟಿಗೆ ಅದು ಊಟ. ಗಾಳಿಯ ತೇವ ಶೇಕಡ 60 ದಾಟಿ ಹಾಗೇ ನಿಂತರೆ ಅದು ಬೆಳೆಯಲು ಶುರು. ಗೋಡೆಗೆ ತಾಗಿಸಿಟ್ಟ ಕಬ್ಬಿಣದ ಕಪಾಟಿನಿಂದ ಹಳೇ ಮದುವೆ ಆಲ್ಬಮ್ ತೆಗೆದು ನೋಡಿ, ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ಬೂಷ್ಟು ಲೆನ್ಸಿಗೂ ಹಿಡಿಯುತ್ತದೆ. ಲೆನ್ಸಿಗೆ ಫಿಲ್ಮ್, ಡಿಜಿಟಲ್ ಅನ್ನುವ ಭೇದ ಇಲ್ಲ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ಅಕ್ಕಿಯಲ್ಲಿ ಹೂತಿಡುವುದು ಬೇಡ, ತೌಡಿನ ಪುಡಿ ಒಳಗೆ ಸೇರುತ್ತದೆ. ಬಳಸದ ರೀಲನ್ನು ಫ್ರಿಜ್‌ನಲ್ಲಿ ಇಟ್ಟಿದ್ದರೆ ಹೊರಗೆ ತೆಗೆದ ತಕ್ಷಣ ಡಬ್ಬಿ ಬಿಚ್ಚಬೇಡಿ, ನಮ್ಮ ಗಾಳಿಗೆ ಫಿಲ್ಮ್ ಮೇಲೇ ಹನಿ ಕೂರುತ್ತದೆ. ಡಿಜಿಟಲ್ ಫೈಲಿಗೆ ಬೂಷ್ಟು ಬರುವುದಿಲ್ಲ ನಿಜ. ಆದರೆ ಮೂರು ಪ್ರತಿ ಬೇಕು, ಅದರಲ್ಲಿ ಒಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಬೇಕು.

ಫಿಲ್ಮ್ ಪರವಾಗಿ ಇಲ್ಲಿಯದೇ ಒಂದು ಕಾರಣ ಇದೆ. ಮಳೆಗಾಳಿಗೆ ಕರೆಂಟು ಹೋಗಿ ಎರಡು ದಿನ ಬರದಿದ್ದರೂ ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2 ತರದ ಕ್ಯಾಮೆರಾಗಳ ಶಟರ್ ಬ್ಯಾಟರಿ ಇಲ್ಲದೆ ಓಡುತ್ತದೆ. ಬ್ಯಾಟರಿ ಬೇಕಾದದ್ದು ಮೀಟರಿಗೆ ಮಾತ್ರ.

ದುಡ್ಡು

ರೀಲಿಗೆ 1200, ತೊಳೆದು ಸ್ಕ್ಯಾನ್ ಮಾಡಲು 600 ಅಂತ ಇಟ್ಟುಕೊಳ್ಳಿ. 36 ಫೋಟೋಗೆ 1800, ಅಂದರೆ ಒಂದಕ್ಕೆ 50 ರೂಪಾಯಿ. ಊಟಿಯಲ್ಲಿ 1960ರಲ್ಲಿ ಶುರುವಾದ ಸರಕಾರಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಫಿಲ್ಮ್ ಮಾರುತ್ತಿತ್ತು, ಅದು ಮುಚ್ಚಿಹೋಗಿದೆ. ಈಗ ಅಂಗಡಿಯಲ್ಲಿ ಸಿಗುವುದು ಹೊರದೇಶದ್ದೇ. ಹಾಗಂತ ಫಿಲ್ಮ್ ಸತ್ತಿಲ್ಲ. ಪೆಂಟ್ಯಾಕ್ಸ್ 2024ರಲ್ಲಿ ಹೊಸದಾಗಿ ಒಂದು ಫಿಲ್ಮ್ ಕ್ಯಾಮೆರಾ ಬಿಟ್ಟಿತು, ಅದರಲ್ಲಿ 36ರ ರೀಲಿಗೆ ಅರ್ಧ ಗಾತ್ರದ 72 ಫೋಟೋ ಬರುತ್ತವೆ.

ನನ್ನ ಸಲಹೆ ಹೀಗೆ. ಮೊದಲ ವರ್ಷ ಸೆಕೆಂಡ್‌ಹ್ಯಾಂಡ್ ಡಿಜಿಟಲ್ ತಗೊಂಡು ಮ್ಯಾನುಯಲ್‌ನಲ್ಲಿ, ಅಂದರೆ ಅಪರ್ಚರ್, ಶಟರ್ ಎಲ್ಲ ಕೈಯಾರೆ ಇಟ್ಟು, ಕಲಿಯಿರಿ. ಮದುವೆ, ಮಾರಿಜಾತ್ರೆ, ಮಳೆ ಎಲ್ಲ ಅದರಲ್ಲೇ. ನವೆಂಬರ್‌ನಿಂದ ಫೆಬ್ರುವರಿವರೆಗೆ ಗಾಳಿ ಒಣಗಿ ಬೆಳಕು ಚೊಕ್ಕಟವಾಗಿರುವಾಗ ಬ್ಲ್ಯಾಕ್ ಅಂಡ್ ವೈಟ್ ರೀಲು ಹಾಕಿ, ಮನೆಯಲ್ಲೇ ತೊಳೆಯಿರಿ. ಅಂಗಳದಲ್ಲಿ ಒಣಗುವ ಚಾಲಿ ಅಡಿಕೆ, ಜಗಲಿಯಲ್ಲಿ ಕೂತ ಅಜ್ಜಿ, ಇವೆಲ್ಲ ಎಲ್ಲೂ ಓಡಿಹೋಗುವುದಿಲ್ಲ. ನಿಧಾನವಾಗಿ ಅಳೆದು ತೆಗೆಯಬಹುದು.

ಹಳೇ ಫಿಲ್ಮ್ ಕ್ಯಾಮೆರಾ ಕೊಳ್ಳುವಾಗ ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಬೂಷ್ಟು ಇದ್ದರೆ ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ಹಿಂದಿನ ಬಾಗಿಲ ಅಂಚಿನ ಕಪ್ಪು ಸ್ಪಂಜನ್ನು ಬೆರಳಲ್ಲಿ ಮುಟ್ಟಿ. ನಮ್ಮ ಹವೆಗೆ ಅದು ಡಾಂಬರಿನ ಹಾಗೆ ಅಂಟಂಟಾಗಿರುತ್ತದೆ, ಬದಲಿಸದಿದ್ದರೆ ಬೆಳಕು ಒಳಗೆ ಸೋರುತ್ತದೆ. ಅದು ಸಣ್ಣ ಖರ್ಚು, ಅದಕ್ಕಾಗಿ ಒಳ್ಳೇ ಕ್ಯಾಮೆರಾ ಬಿಡಬೇಕಿಲ್ಲ. ಒಂದು ಸೆಕೆಂಡಿನ ಶಟರ್ ಒತ್ತಿ ಕಿವಿಗೊಡಿ. ನಡುವೆ ಸಿಕ್ಕಿಕೊಂಡರೆ ಅಥವಾ ಎರಡು ಸೆಕೆಂಡ್ ಎಳೆದರೆ ರಿಪೇರಿಯ ದುಡ್ಡು ಕಳೆದು ಬೆಲೆ ಮಾತಾಡಿ.