ಛತ್ರದವನು ಯಾರು? ಒಂದು ಸಾಮತಿಯನ್ನು ಓದಿದ ಬಗೆಗಳು

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಕಂಡು ದಾಟಿಹೋದರು. ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನೊಬ್ಬನು ಅವನ ಗಾಯ ಕಟ್ಟಿ ಛತ್ರಕ್ಕೆ ಸೇರಿಸಿದನು. ಯೇಸು ಹೇಳಿದ, ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಈ ಸಾಮತಿ, ಎಂದರೆ ದೃಷ್ಟಾಂತದ ಕಥೆ, ಚಿಕ್ಕಮಗಳೂರು ಧರ್ಮಪ್ರಾಂತ್ಯದ ಕಥೋಲಿಕರಿಗೂ ಹಾಸನದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯವರಿಗೂ ಒಂದೇ. ಅದರ ಅರ್ಥ ಹೇಳುವ ಬಗೆ ಮಾತ್ರ ಮೊದಲಿನಿಂದಲೂ ಒಂದೇ ಆಗಿರಲಿಲ್ಲ.

ಆದಿ ಧರ್ಮಸಭೆಯ ಪಂಡಿತರಾದ 3ನೆಯ ಶತಮಾನದ ಒರಿಜೆನ್, ಅವನ ನಂತರ ಅಗಸ್ಟೀನ್, ಇದನ್ನು ಸಂಕೇತಗಳ ಮಾಲೆಯಾಗಿ ಓದಿದರು. ಬಿದ್ದವನು ಮೊದಲ ಮನುಷ್ಯ ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರವೇ ಧರ್ಮಸಭೆ; ಛತ್ರದವನು ಅಪೊಸ್ತಲ ಪೌಲನೆಂಬಷ್ಟು ದೂರಕ್ಕೆ ಅಗಸ್ಟೀನ್ ಹೋದನು. ಸಿರಿಯಾದ ಅಂತಿಯೋಕ್ಯ ನಗರದ ಪಂಡಿತರಾದರೋ ಇಂತಹ ವಿಸ್ತರಣೆಯನ್ನು ಒಪ್ಪದೆ, ಮಾತಿನ ಸಹಜಾರ್ಥಕ್ಕೂ ಚರಿತ್ರೆಗೂ ಒತ್ತು ಕೊಟ್ಟರು. ಅಗಸ್ಟೀನನ ಓದು ಸುಂದರವಾದುದು, ಭಕ್ತಿಯಿಂದ ತುಂಬಿದುದು, ಆದರೆ "ನನ್ನ ನೆರೆಯವನು ಯಾರು?" ಎಂಬ ಪ್ರಶ್ನೆಗೆ ಉತ್ತರವಾಗಿ ಹೇಳಿದ ಕಥೆಯಲ್ಲಿ ಆ ಪ್ರಶ್ನೆಯೇ ಮರೆಯಾಗುತ್ತದೆಂಬುದು ನನ್ನ ಅನಿಸಿಕೆ.

ಮಧ್ಯಯುಗದಲ್ಲಿ ಅಕ್ಷರಾರ್ಥ, ಸಂಕೇತಾರ್ಥ, ನೀತ್ಯರ್ಥ, ಪರಲೋಕಾರ್ಥ ಎಂಬ ನಾಲ್ಕು ನೆಲೆಗಳು ನಿಂತವು. ಗಾಯಾಳು "ಅರೆಜೀವ"ವಾಗಿದ್ದನಾದ್ದರಿಂದ ಪಾಪದ ನಂತರವೂ ಮನುಷ್ಯನಲ್ಲಿ ಒಳ್ಳೆಯದನ್ನು ಆರಿಸುವ ಶಕ್ತಿ ಸ್ವಲ್ಪ ಉಳಿದಿದೆಯೆಂದು ವಾದಿಸಿದವರೂ ಇದ್ದರು. 16ನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಇದನ್ನು ಕಟುವಾಗಿ ತಳ್ಳಿಹಾಕಿದನು. ಧರ್ಮಗ್ರಂಥವೇ ಪರಮ ಪ್ರಮಾಣವೆಂದು ಇನ್ನೊಬ್ಬ ಸುಧಾರಕ ಲೂಥರ್ ಸಾರಿದ ಮೇಲೆ, ಧರ್ಮಸಭೆ ಹಿಡಿದುಬಂದ ಅರ್ಥಕ್ಕೆ ವಿರುದ್ಧವಾಗಿ ಯಾರೂ ವ್ಯಾಖ್ಯಾನಿಸಬಾರದೆಂದು ಕಥೋಲಿಕರ ಟ್ರೆಂಟ್ ಮಹಾಸಭೆ 1546ರಲ್ಲಿ ವಿಧಿಸಿತು. ಪ್ರೊಟೆಸ್ಟಂಟರ ಮತ್ತು ಕಥೋಲಿಕರ ಆ ಕವಲು ನಮ್ಮಲ್ಲಿಯೂ ಕಾಣುತ್ತದೆ. ಪ್ರೊಟೆಸ್ಟಂಟರ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಸಿದ್ಧಪಡಿಸಿದ ಸಂಪೂರ್ಣ ಕನ್ನಡ ಬೈಬಲ್ 1831ರ ಹೊತ್ತಿಗೆ ಅಚ್ಚಾಗಿತ್ತು; 1860ರ ದಶಕದಲ್ಲಿ ಫ್ರೆಂಚ್ ಕಥೋಲಿಕ ಮಿಷನರಿಗಳು ಕಟ್ಟಿದ, ಈಗ ಹೇಮಾವತಿಯ ಹಿನ್ನೀರಿನಲ್ಲಿ ಪಾಳುಬಿದ್ದಿರುವ ಶೆಟ್ಟಿಹಳ್ಳಿಯ ಇಗರ್ಜಿಯಲ್ಲಿ ಮಾತ್ರ ಪೂಜೆಯ ಭಾಷೆ ಲ್ಯಾಟಿನ್ ಆಗಿತ್ತು.

ಜರ್ಮನಿಯ ವಿದ್ವಾಂಸರು 18 ಮತ್ತು 19ನೆಯ ಶತಮಾನಗಳಲ್ಲಿ ಬೆಳೆಸಿದ ಚಾರಿತ್ರಿಕ ವಿಮರ್ಶೆ, ಯಾವ ಪುಸ್ತಕವನ್ನು ಯಾರು, ಯಾವಾಗ, ಯಾರಿಗಾಗಿ ಬರೆದರೆಂದು ಕೇಳಿತು. ಬಹುಕಾಲ ಅದನ್ನು ಶಂಕೆಯಿಂದ ಕಂಡ ಕಥೋಲಿಕ ಧರ್ಮಸಭೆಯಲ್ಲಿ, 1943ರಲ್ಲಿ 12ನೆಯ ಪಿಯುಸ್ ಪೋಪರು ಮೂಲಭಾಷೆಗಳನ್ನೂ ಬರಹದ ಪ್ರಕಾರಗಳನ್ನೂ ಅಭ್ಯಸಿಸುವಂತೆ ಪಂಡಿತರನ್ನು ಪ್ರೋತ್ಸಾಹಿಸಿದರು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ವಿಶ್ವಾಸಿಗಳೆಲ್ಲರೂ ಬೈಬಲ್ ಓದಬೇಕೆಂದಿತು.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ಅರವಿಂದ ನಿರ್ಮಲ್ ಮೊದಲಾದ ಕ್ರೈಸ್ತ ಪಂಡಿತರು ದಲಿತರ ಅನುಭವದಿಂದ ಬೈಬಲನ್ನು ಓದುವ ದಲಿತ ದೇವಶಾಸ್ತ್ರಕ್ಕೆ ರೂಪ ಕೊಟ್ಟ ಮೇಲೆ, ಓದುವವನು ಯಾರೆಂಬುದೂ ವ್ಯಾಖ್ಯಾನದ ಪ್ರಶ್ನೆಯಾಯಿತು. ಹೋಟೆಲಿನಲ್ಲಿ ಬೇರೆ ಲೋಟದ ಕಾಫಿ ಕುಡಿದ ನೆನಪುಳ್ಳವರು ಛತ್ರದವನು ಯಾರೆಂದು ಕೇಳುವುದಿಲ್ಲ. ಹಿಂದಿನ ದಿನದವರೆಗೆ ತಾನು ದೂರವಿಟ್ಟಿದ್ದ ಕೈಯೇ ಗಾಯಕ್ಕೆ ಎಣ್ಣೆ ಹಚ್ಚಿದಾಗ ಬಿದ್ದವನಿಗೆ ಏನನ್ನಿಸಿತೆಂದು ಕೇಳುತ್ತಾರೆ.