ಅದೇ ಶೇ 36 ಮತ: ಒಮ್ಮೆ 104 ಸ್ಥಾನ, ಒಮ್ಮೆ 66

ಕರ್ನಾಟಕ ವಿಧಾನಸಭೆಗೆ 2018ರಲ್ಲಿ ನಡೆದ ಚುನಾವಣೆಯಲ್ಲಿ ಬಿಜೆಪಿಗೆ ಬಿದ್ದದ್ದು ಶೇ 36ರಷ್ಟು ಮತ. 2023ರಲ್ಲಿ ಬಿದ್ದದ್ದೂ ಶೇ 36ರಷ್ಟೇ. ಗೆದ್ದ ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಕಾಂಗ್ರೆಸ್ 2023ರಲ್ಲಿ 135 ಸ್ಥಾನ ಗೆದ್ದಾಗ ಎಲ್ಲೆಡೆ ಕೇಳಿಬಂದ 'ಅಲೆ' ಎಂಬ ಮಾತು ಈ ಅಂಕಿಗಳನ್ನು ವಿವರಿಸುವುದಿಲ್ಲ. ಅದಕ್ಕೆ ಹಿಂದಿನ ಫಲಿತಾಂಶಗಳನ್ನೂ ಜೊತೆಗಿಟ್ಟು ನೋಡಬೇಕು.

1983ರಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು, 1989ರಲ್ಲಿ ಕಾಂಗ್ರೆಸ್ 178 ಸ್ಥಾನಗಳೊಂದಿಗೆ ಮರಳಿತು, 1994ರಲ್ಲಿ ಜನತಾದಳ 115 ಗೆದ್ದಿತು, 1999ರಲ್ಲಿ ಮತ್ತೆ ಕಾಂಗ್ರೆಸ್ಸಿಗೆ 132 ಸ್ಥಾನ ದಕ್ಕಿದವು. ಮತ ಮತ್ತು ಸ್ಥಾನಗಳ ಲೆಕ್ಕ ಜಟಿಲವಾದದ್ದು ಸ್ಪರ್ಧೆ ಕಾಂಗ್ರೆಸ್, ಬಿಜೆಪಿ, ಜೆಡಿಎಸ್‌ಗಳ ನಡುವೆ ತ್ರಿಕೋನವಾಗಿ ನೆಲೆಗೊಂಡ 2004ರಿಂದ. ಆ ವರ್ಷ ಶೇ 35ರಷ್ಟು ಮತ ಪಡೆದ ಕಾಂಗ್ರೆಸ್ 65 ಸ್ಥಾನಗಳಿಗೆ ನಿಂತರೆ, ಶೇ 28ರಷ್ಟು ಪಡೆದ ಬಿಜೆಪಿ 79 ಗೆದ್ದಿತು. 2008ರಲ್ಲಿಯೂ ಮತದಲ್ಲಿ ಕೊಂಚ ಮುಂದಿದ್ದ ಕಾಂಗ್ರೆಸ್ಸಿಗೆ 80, ಬಿಜೆಪಿಗೆ 110. 2013ರಲ್ಲಿ, ಬಿಜೆಪಿ ತೊರೆದಿದ್ದ ಬಿ.ಎಸ್. ಯಡಿಯೂರಪ್ಪ ಅವರ ಕೆಜೆಪಿ ಪ್ರತ್ಯೇಕವಾಗಿ ನಿಂತು ಶೇ 10ರ ಸಮೀಪ ಮತ ಸೆಳೆದಿದ್ದರಿಂದ ಬಿಜೆಪಿ 40ಕ್ಕೆ ಕುಸಿಯಿತು, ಕಾಂಗ್ರೆಸ್ 122 ತಲುಪಿತು.

ಕಾರಣ ಮತಗಳು ಹರಡಿರುವ ರೀತಿಯಲ್ಲಿದೆ. ಕಾಂಗ್ರೆಸ್ಸಿನ ಮತ ಬೀದರ್‌ನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಎಲ್ಲ ಕ್ಷೇತ್ರಗಳಲ್ಲಿಯೂ ಇದೆ, ಆದ್ದರಿಂದ ಎರಡನೇ ಸ್ಥಾನಕ್ಕೆ ನಿಂತ ಕಡೆಗಳಲ್ಲಿಯೂ ಅದು ಗೆಲುವು ತಾರದೆ ರಾಶಿ ಬೀಳುತ್ತದೆ. ಬಿಜೆಪಿಯ ಮತ ಕರಾವಳಿ, ಮಲೆನಾಡು ಮತ್ತು ಕಿತ್ತೂರು ಕರ್ನಾಟಕದಲ್ಲಿ ದಟ್ಟವಾಗಿದ್ದು, ಹಳೇ ಮೈಸೂರಿನ ಹಲವು ಕ್ಷೇತ್ರಗಳಲ್ಲಿ ತೀರಾ ತೆಳು. ಜೆಡಿಎಸ್‌ನ ಬಲ ಬಹುಪಾಲು ಆ ಹಳೇ ಮೈಸೂರಿನಲ್ಲಿಯೇ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳು ಸ್ಥಾನಗಳನ್ನೂ ಅದು ಗೆದ್ದುಕೊಂಡಿತ್ತು.

ಆ 2018ರ ಮೇ 15ರ ಎಣಿಕೆಯ ದಿನ ಈ ಲೆಕ್ಕವೆಲ್ಲ ಒಟ್ಟಿಗೆ ಬಯಲಾಯಿತು. ಬೆಳಿಗ್ಗೆ ಬಿಜೆಪಿಯ ಮುನ್ನಡೆ ಬಹುಮತದ ಗಡಿ ದಾಟಿದಂತೆ ಕಂಡು ಪಟಾಕಿ ಸಿಡಿದವು. ಮಧ್ಯಾಹ್ನದ ನಂತರ ಅಂಕಿ ಇಳಿಯುತ್ತ ಬಂದು 104ಕ್ಕೆ ನಿಂತಿತು. ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 78, ಶೇ 18ರಷ್ಟು ಪಡೆದ ಜೆಡಿಎಸ್‌ಗೆ 37, ಬಿಎಸ್‌ಪಿಗೆ 1, ಕೆಪಿಜೆಪಿಗೆ 1, ಪಕ್ಷೇತರರಿಗೆ 1. ಎಣಿಕೆ ಮುಗಿಯುವ ಮುನ್ನವೇ ಕಾಂಗ್ರೆಸ್ ಜೆಡಿಎಸ್‌ಗೆ ಬೆಂಬಲ ಘೋಷಿಸಿತು. ರಾಜ್ಯಪಾಲರು ಸರ್ಕಾರ ರಚನೆಗೆ ಅತಿದೊಡ್ಡ ಪಕ್ಷವನ್ನು ಕರೆಯಬೇಕೋ, ಚುನಾವಣೆಯ ನಂತರ ಕೂಡಿಕೊಂಡವರನ್ನೋ ಎಂಬ ಪ್ರಶ್ನೆ ನಡುರಾತ್ರಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪ ವಿಶ್ವಾಸಮತಕ್ಕೆ ಮುನ್ನವೇ 19ರಂದು ರಾಜೀನಾಮೆ ನೀಡಿದರು, 23ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು.

ಆ ಮೈತ್ರಿ ಸರ್ಕಾರವೂ ತನ್ನದೇ ಶಾಸಕರ ರಾಜೀನಾಮೆಗಳಿಂದಾಗಿ 14 ತಿಂಗಳಲ್ಲಿ, 2019ರ ಜುಲೈ 23ರಂದು, 99–105 ಮತಗಳಿಂದ ಬಿದ್ದುಹೋಯಿತು. ಸರತಿಯಲ್ಲಿ ನಿಂತು ಒಂದು ಚಿಹ್ನೆಗೆ ಒತ್ತಿದ ಮತದಾರ, ಅದೇ ಚಿಹ್ನೆಯಿಂದ ಗೆದ್ದವರ ರಾಜೀನಾಮೆಯನ್ನು ಟಿ.ವಿ.ಯಲ್ಲಿ ನೋಡಬೇಕಾಯಿತು, ಅವನನ್ನು ಕೇಳುವ ವ್ಯವಸ್ಥೆ ನಮ್ಮಲ್ಲಿ ಇಲ್ಲದಿರುವುದು ನೋವಿನ ಸಂಗತಿ. ಆ ಶಾಸಕರ ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಅವರಿಗೆ ಮತ್ತೆ ಸ್ಪರ್ಧಿಸಲು ಅವಕಾಶ ನೀಡಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ರಲ್ಲಿ ಬಿಜೆಪಿ ಗೆದ್ದಿತು.

2023ರಲ್ಲಿ ಬದಲಾದದ್ದು ಮೂರನೆಯ ಕೋನ. ಜೆಡಿಎಸ್‌ನ ಮತ ಶೇ 13ಕ್ಕೆ, ಸ್ಥಾನ 19ಕ್ಕೆ ಇಳಿದವು. ಕಾಂಗ್ರೆಸ್ಸಿನ ಮತ ಶೇ 43ರ ಸಮೀಪಕ್ಕೆ ಏರಿತು. ಮಂಡ್ಯ ಜಿಲ್ಲೆಯಲ್ಲಿ ಜೆಡಿಎಸ್‌ಗೆ ಕೆ.ಆರ್. ಪೇಟೆಯೊಂದೇ ಉಳಿಯಿತು. ಅತ್ತ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ಬಳಿಕ ತಡರಾತ್ರಿ ಬಿಜೆಪಿ ಗೆದ್ದದ್ದು ಕೇವಲ 16 ಮತಗಳಿಂದ.

ಆ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿತು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಎರಡೂ ಪಕ್ಷಗಳ ಮತ ಒಂದೇ ಕಡೆ ಬಿದ್ದಾಗ, ಅದೇ ಮಂಡ್ಯದಲ್ಲಿ ಕುಮಾರಸ್ವಾಮಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.