ಹ್ಯಾಂಡಲ್ ಕೊಳ್ಳುವ ಮುಂಚೆ ಟೇಪು ಹಿಡಿಯಿರಿ: ಬಾಗಿಲ ಲಾಕ್ ಬದಲಿಸುವ ಟಿಪ್ಪಣಿ

ನಾನು ಮೊದಲ ಸಲ ತಂದ ಹ್ಯಾಂಡಲ್ ನೋಡೋಕೆ ತುಂಬಾ ಚೆನ್ನಾಗಿತ್ತು. ಬಾಗಿಲಿಗೆ ಮಾತ್ರ ಕೂರಲಿಲ್ಲ. ಹಿಡಿಯನ್ನು ಅದರ ಜಾಗಕ್ಕೆ ತಂದರೆ ಕೀ ತೂತು ಹ್ಯಾಂಡಲಿನ ಪ್ಲೇಟಿನ ಹಿಂದೆ ಅರ್ಧ ಮುಚ್ಚಿಹೋಗುತ್ತಿತ್ತು. ಕೀ ತೂತು ಸರಿ ಮಾಡಿದರೆ ಹಿಡಿ ಕೆಳಗೆ ಇಳಿಯುತ್ತಿತ್ತು. ಹಳೆಯದರಲ್ಲಿ ಹಿಡಿಯಿಂದ ಕೀ ತೂತಿಗೆ 85 ಮಿ.ಮೀ. ಅಂತರ. ನಾನು ತಂದದ್ದು 72 ಮಿ.ಮೀ.ನದು. ಹದಿಮೂರು ಮಿಲಿಮೀಟರಿಗಾಗಿ ಮತ್ತೆ ಅಂಗಡಿಗೆ ಓಡಿದೆ. ಮನೆ ರಿಪೇರಿ ಈಗ ಕಲಿಯುತ್ತಿರುವವರು ಈ ಓಡಾಟ ತಪ್ಪಿಸಿಕೊಳ್ಳಲಿ ಅಂತ ಬರೆದಿಟ್ಟ ಟಿಪ್ಪಣಿ ಇದು.

ಒಳಗೆ ಏನೇನಿದೆ

ಕೈಗೆ ಸಿಗುವ ಹಿಡಿ ಬರೀ ಮುಖ. ಕೆಲಸ ಮಾಡೋದು ಬಾಗಿಲಿನ ಅಂಚಿನಲ್ಲಿ ಕೊರೆದು ಕೂರಿಸಿದ ಪೆಟ್ಟಿಗೆ. ಅಂಗಡಿಯವರು ಇದನ್ನು ಲಾಕ್ ಬಾಡಿ ಅಥವಾ ಮಾರ್ಟಿಸ್ ಅನ್ನುತ್ತಾರೆ. ಬಾಗಿಲಿನ ಅಂಚನ್ನು ನೋಡಿ. ಅಲ್ಲಿ ಎರಡು ನಾಲಿಗೆಗಳಿರುತ್ತವೆ. ಓರೆಯಾಗಿ ಕತ್ತರಿಸಿದ್ದು ಲ್ಯಾಚ್. ಬಾಗಿಲು ತಳ್ಳಿದಾಗ ಅದು ತಾನೇ ಒಳಗೆ ಸರಿದು ಮತ್ತೆ ಹೊರಗೆ ಚಿಮ್ಮುತ್ತದೆ. ಚೌಕವಾಗಿರುವುದು ಡೆಡ್ ಬೋಲ್ಟ್. ಕೀ ತಿರುಗಿಸಿದರೆ ಮಾತ್ರ ಅದು ಅಲುಗುವುದು. ಎರಡು ಹಿಡಿಗಳನ್ನೂ ಜೋಡಿಸುವ ಚೌಕ ಸರಳು ಸ್ಪಿಂಡಲ್. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ 8 ಮಿ.ಮೀ.ನದು. ಕೀ ಹೋಗುವ ಉದ್ದ ತುಂಡು ಸಿಲಿಂಡರ್. ಚೌಕಟ್ಟಿನ ಮೇಲೆ ನಾಲಿಗೆ ಹೋಗಿ ಕೂರುವ ತಗಡು ಸ್ಟ್ರೈಕ್ ಪ್ಲೇಟ್.

ಅಜ್ಜಿ ಮನೆಯಲ್ಲಿ ಇದೆಲ್ಲಾ ಇರಲಿಲ್ಲ. ಒಳಗೆ ಮರದ ಅಗುಳಿ, ಹೊರಗೆ ಕೊಂಡಿ, ಮುಗೀತು. ಅಗುಳಿಗೆ ಸ್ಪ್ರಿಂಗೇ ಇಲ್ಲ, ಇನ್ನು ಕೆಡೋದೇನು?

ಕೆಟ್ಟಿರುವುದು ಹ್ಯಾಂಡಲ್ಲೇ ಹೌದಾ?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ‘ಹ್ಯಾಂಡಲ್ ಹೋಯ್ತು’ ಅಂತ ನಾವು ಹೇಳುವಾಗ ಎಷ್ಟೋ ಸಲ ಹ್ಯಾಂಡಲ್ ಚೆನ್ನಾಗೇ ಇರುತ್ತದೆ.

ಹಿಡಿ ಕತ್ತು ಜೋತು ಬಿಟ್ಟಿದೆಯಾ? ಒಂದು ಸ್ಪ್ರಿಂಗ್ ಸೋತಿದೆ. ಯಾವುದು ಅಂತ ತಿಳಿಯಲು ಎರಡೂ ಹಿಡಿ ಬಿಚ್ಚಿ, ಸ್ಪಿಂಡಲ್ಲನ್ನು ಮಾತ್ರ ತೂತಿನಲ್ಲಿ ಇಟ್ಟು ಇಕ್ಕಳದಿಂದ ತಿರುಗಿಸಿ ಬಿಡಿ. ಟಕ್ ಅಂತ ಹಿಂದಕ್ಕೆ ಬಂದರೆ ಪೆಟ್ಟಿಗೆ ಚೆನ್ನಾಗಿದೆ, ಹಿಡಿ ಬದಲಿಸಿದರೆ ಸಾಕು. ಅಲ್ಲೇ ಸುಮ್ನೆ ನಿಂತುಬಿಟ್ಟರೆ ಪೆಟ್ಟಿಗೆಯೇ ಹೋಗಿದೆ. ಆಗ ಎಷ್ಟು ದುಬಾರಿ ಹಿಡಿ ಹಾಕಿದರೂ ಸ್ವಲ್ಪ ದಿನದಲ್ಲಿ ಅದೂ ಜೋತು ಬೀಳುತ್ತದೆ.

ಹಿಡಿ ಗರಗರ ತಿರುಗುತ್ತೆ, ಲ್ಯಾಚ್ ಮಾತ್ರ ಅಲುಗಲ್ಲ ಅಂದರೆ ಮೊದಲು ಹಿಡಿಯ ಕುತ್ತಿಗೆಯ ಕೆಳಭಾಗ ನೋಡಿ. ಅಲ್ಲೊಂದು ಪುಟ್ಟ ತಲೆಯಿಲ್ಲದ ಸ್ಕ್ರೂ ಇರುತ್ತದೆ, ಆರು ಮೂಲೆ ತೂತಿನದು. ಅದನ್ನು ಅಲೆನ್ ಕೀಯಿಂದ ಬಿಗಿ ಮಾಡಿದರೆ ಎಷ್ಟೋ ಸಲ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಬಾಗಿಲು ತೆರೆದಿದ್ದಾಗ ಕೀ ಸಲೀಸಾಗಿ ತಿರುಗುತ್ತದೆ, ಮುಚ್ಚಿದಾಗ ಹಿಡಿಯುತ್ತದೆ. ಇದು ಸಿಲಿಂಡರ್ ತಪ್ಪಲ್ಲ. ಬಾಗಿಲು ಹಿಂಜಸ್ಸಿನ ಹತ್ತಿರ ತುಸು ಇಳಿದಿದೆ, ಬೋಲ್ಟ್ ತಗಡಿನ ಅಂಚಿಗೆ ಬಡಿಯುತ್ತಿದೆ. ಎಲ್ಲಿ ಬಡಿಯುತ್ತಿದೆ ಅಂತ ಕಂಡುಹಿಡಿಯಲು ದೇವರ ಮನೆಗೆ ಹೋಗಿ. ಎರಡು ಹನಿ ಎಣ್ಣೆಯಲ್ಲಿ ಚಿಟಿಕೆ ಕುಂಕುಮ ಕಲಸಿ ನಾಲಿಗೆಗಳ ತುದಿಗೆ ಹಚ್ಚಿ. ಬಾಗಿಲು ಮುಚ್ಚಿ, ಕೀ ತಿರುಗಿಸಲು ನೋಡಿ, ಮತ್ತೆ ತೆರೆಯಿರಿ. ತಗಡಿನ ಮೇಲೆ ಕೆಂಪು ಗುರುತು ಬಿದ್ದಿರುತ್ತದೆ. ನನ್ನ ಬಾಗಿಲಲ್ಲಿ ಅದು ತೂತಿನ ಕೆಳ ಅಂಚಿನ ಮೇಲೆ, ಕೂದಲೆಳೆಯಷ್ಟು ಅಗಲ ಬಿದ್ದಿತ್ತು. ಮೇಲಿನ ಹಿಂಜಸ್ಸಿನ ಸ್ಕ್ರೂ ಬಿಗಿ ಮಾಡಿದೆ, ಗುರುತು ಮಾಯ. ಅದಕ್ಕೂ ಸರಿಹೋಗದಿದ್ದರೆ ಅರದಿಂದ ತಗಡಿನ ಅಂಚನ್ನು ಸ್ವಲ್ಪ ಉಜ್ಜಿ.

ಅಳತೆ

ಬದಲಿಸಲೇಬೇಕು ಅಂತ ಗೊತ್ತಾದ ಮೇಲೆ ಟೇಪು ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ ನಾನು ಎಡವಿದ ಅಳತೆಯೇ: ಸ್ಪಿಂಡಲ್ ನಡುವಿನಿಂದ ಸಿಲಿಂಡರಿನ ದುಂಡು ಭಾಗದ ನಡುವಿಗೆ. ಅಂಗಡಿಯಲ್ಲಿ ‘ಸೆಂಟರ್ ಟು ಸೆಂಟರ್ ಎಷ್ಟು?’ ಅಂತ ಕೇಳುವುದು ಇದನ್ನೇ. ನಮ್ಮಲ್ಲಿ 85 ಇರುವುದೇ ಜಾಸ್ತಿ. ಜರ್ಮನ್ ಅಳತೆಯ ಒಳಬಾಗಿಲ ಲಾಕುಗಳಲ್ಲಿ 72 ಇರುತ್ತದೆ.

ಎರಡನೆಯದು ಬ್ಯಾಕ್‌ಸೆಟ್. ಬಾಗಿಲಿನ ಅಂಚಿನಿಂದ ಸ್ಪಿಂಡಲ್ ನಡುವಿಗೆ ಇರುವ ದೂರ. ಪೆಟ್ಟಿಗೆ ಬದಲಿಸುವುದಾದರೆ ಇದು ತಪ್ಪಲೇಬಾರದು. ತಪ್ಪಿದರೆ ಮರದಲ್ಲಿ ಹೊಸ ತೂತು ಕೊರೆಯಬೇಕು, ಹಳೇ ತೂತು ನೋಡಿ ದಿನಾ ಬೇಜಾರು ಮಾಡಿಕೊಳ್ಳಬೇಕು. ಬಾಗಿಲಿನ ದಪ್ಪವನ್ನೂ ಬರೆದುಕೊಳ್ಳಿ. ಪ್ಲೈ ಹೊದಿಸಿದ ಸಪಾಟು ಬಾಗಿಲು, ಅಂದರೆ ಫ್ಲಶ್ ಡೋರ್, ಸಾಮಾನ್ಯವಾಗಿ 30ರಿಂದ 35 ಮಿ.ಮೀ., ತೇಗದ ಮುಂಬಾಗಿಲು ಅದಕ್ಕಿಂತ ದಪ್ಪ. ಸ್ಪಿಂಡಲ್, ಸಿಲಿಂಡರ್ ಎಷ್ಟು ಉದ್ದ ಬೇಕು ಅನ್ನುವುದು ಈ ದಪ್ಪದ ಮೇಲೆ ಹೋಗುತ್ತದೆ.

ಸಿಲಿಂಡರನ್ನು ಒಂದೇ ಅಳತೆಯಾಗಿ ಹೇಳಬೇಡಿ. ಅದರ ನಡುವೆ ಒಂದು ಸ್ಕ್ರೂ ತೂತಿದೆಯಲ್ಲ, ಅಲ್ಲಿಂದ ಆ ಕಡೆ ಎಷ್ಟು, ಈ ಕಡೆ ಎಷ್ಟು ಅಂತ ಬೇರೆಬೇರೆ ಅಳೆಯಿರಿ. 60 ಅಂದರೆ ಸಾಮಾನ್ಯವಾಗಿ 30 ಮತ್ತು 30, ಆದರೆ ಯಾವಾಗಲೂ ಅಲ್ಲ. ಹೊರಗಡೆ ಸಿಲಿಂಡರ್ ಪ್ಲೇಟಿಗಿಂತ ಎರಡು ಮೂರು ಮಿಲಿಮೀಟರಿಗಿಂತ ಜಾಸ್ತಿ ಚಾಚಿರಬಾರದು. ಚಾಚಿದ ತುದಿಯನ್ನು ಕಳ್ಳ ಇಕ್ಕಳದಲ್ಲಿ ಹಿಡಿದು ಮುರಿಯಬಹುದು.

ಹಿಡಿಯ ಪ್ಲೇಟಿನ ಉದ್ದ ಹಳೆಯದರಷ್ಟೇ ಅಥವಾ ಜಾಸ್ತಿ ಇರಲಿ. ಕಡಿಮೆಯಾದರೆ ಹಳೇ ಪಾಲಿಷಿನ ಗುರುತು ಸುತ್ತ ಕಾಣುತ್ತದೆ. ಇಷ್ಟೆಲ್ಲಾ ಬರೆದುಕೊಂಡ ಮೇಲೂ ಹಳೇ ಹಿಡಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಕೌಂಟರಿನ ಮೇಲೆ ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ನೋಡಿದರೆ ಮಾತಿಗಿಂತ ಬೇಗ ಗೊತ್ತಾಗುತ್ತದೆ.

ಲೋಹದ ಬಗ್ಗೆ ಒಂದು ಮಾತು. ಅಯಸ್ಕಾಂತ ಹಿಡಿದು ‘ಅಂಟಲಿಲ್ಲ, ಹಾಗಾದರೆ ಸ್ಟೀಲ್ ಒಳ್ಳೇದು’ ಅನ್ನುವವರಿದ್ದಾರೆ. ಅಂಟದಿದ್ದರೆ ಸಾದಾ ಕಬ್ಬಿಣವಲ್ಲ ಅಂತಷ್ಟೇ ಅರ್ಥ. ಹಿತ್ತಾಳೆಗೂ ಅಂಟಲ್ಲ, ಅಗ್ಗದ ಸತುವಿನ ಮಿಶ್ರಲೋಹಕ್ಕೂ ಅಂಟಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ ಸಮುದ್ರದ ಉಪ್ಪುಗಾಳಿಗೆ ಸತುವಿನ ಮೇಲಿನ ಹೊಳಪು ಬೇಗ ಗುಳ್ಳೆ ಎದ್ದು ಸುಲಿಯುತ್ತದೆ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ತೀರಾ ಕಡಲ ಪಕ್ಕವಾದರೆ 316. ವಯಸ್ಸಾದವರಿರುವ ಮನೆಯಲ್ಲಿ ಗುಂಡು ನಾಬ್ ಬೇಡ. ಕೀಲುನೋವಿನ ಕೈಗೆ ಉದ್ದ ಹಿಡಿಯೇ ವಾಸಿ, ಮೊಣಕೈಯಲ್ಲೂ ಒತ್ತಬಹುದು.

ಬಿಚ್ಚುವುದು, ಹಾಕುವುದು

ಶುರು ಮಾಡುವ ಮೊದಲು ಬಾಗಿಲಿಗೆ ಒಂದು ಚಪ್ಪಲಿ ಅಡ್ಡ ಇಡಿ. ತಮಾಷೆಯಲ್ಲ. ನಾನು ಎರಡೂ ಹಿಡಿ ಬಿಚ್ಚಿ, ಸ್ಪಿಂಡಲ್ಲನ್ನೂ ಸ್ಕ್ರೂಡ್ರೈವರನ್ನೂ ಮಂಚದ ಮೇಲಿಟ್ಟು ನೀರು ಕುಡಿಯಲು ಹೊರಗೆ ಬಂದೆ. ಗಾಳಿಗೆ ಬಾಗಿಲು ಧಡಾರ್ ಅಂತ ಮುಚ್ಚಿಕೊಂಡಿತು, ಲ್ಯಾಚ್ ಕಚ್ಚಿಕೊಂಡಿತು. ಹಿಡಿಯಿಲ್ಲದ ಬಾಗಿಲು, ಉಪಕರಣವೆಲ್ಲಾ ಒಳಗೆ. ಕೊನೆಗೆ ಹಳೇ ಚಮಚದ ಹಿಡಿಯನ್ನು ಚೌಕ ತೂತಿಗೆ ಮೂಲೆಯಿಂದ ಮೂಲೆಗೆ ತೂರಿಸಿ ತಿರುಗಿಸಿ ತೆರೆದೆ. ಚಮಚ ಸೊಟ್ಟಗಾಯಿತು, ಅಮ್ಮ ಅದನ್ನು ಹಾಗೇ ಇಟ್ಟುಕೊಂಡಿದ್ದಾರೆ.

ಸಿಲಿಂಡರ್ ತೆಗೆಯುವುದರಲ್ಲಿ ಒಂದು ಗುಟ್ಟಿದೆ. ಬಾಗಿಲಿನ ಅಂಚಿನಲ್ಲಿ, ಬೋಲ್ಟಿನ ಕೆಳಗಿರುವ ಉದ್ದ ಸ್ಕ್ರೂ ಬಿಚ್ಚಿ ಎಳೆದರೂ ಅದು ಬರಲ್ಲ. ಸಿಲಿಂಡರಿನ ನಡುವೆ ಕ್ಯಾಮ್ ಅನ್ನುವ ಪುಟ್ಟ ಮೂಗು ಪೆಟ್ಟಿಗೆಗೆ ಸಿಕ್ಕಿಕೊಂಡಿರುತ್ತದೆ. ಕೀ ಹಾಕಿ, ಗಡಿಯಾರದ ಮುಳ್ಳು 12ರಿಂದ 1ರ ಕಡೆಗೋ 11ರ ಕಡೆಗೋ ಸರಿದಷ್ಟು ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ. ಮೂಗು ಒಳಗೆ ಅಡಗಿದ ಗಳಿಗೆಯಲ್ಲಿ ಸಿಲಿಂಡರ್ ಜಾರಿ ಕೈಗೆ ಬರುತ್ತದೆ.

ಹಾಕುವಾಗ ಮೊದಲು ಪೆಟ್ಟಿಗೆ, ಆಮೇಲೆ ಸಿಲಿಂಡರ್, ಆಮೇಲೆ ಸ್ಪಿಂಡಲ್, ಹಿಡಿ. ಲ್ಯಾಚಿನ ಓರೆ ಮುಖ ಬಾಗಿಲು ಮುಚ್ಚುವ ದಿಕ್ಕಿಗಿರಬೇಕು, ಚೌಕಟ್ಟಿಗೆ ಅದೇ ಮೊದಲು ತಗುಲಬೇಕು. ಉಲ್ಟಾ ಇದ್ದರೆ ಹೆದರಬೇಡಿ. ಬಹಳಷ್ಟು ಲಾಕುಗಳಲ್ಲಿ ಲ್ಯಾಚನ್ನು ಹೊರಗೆಳೆದು ತಿರುಗಿಸಿ ಹಾಕಬಹುದು. ಪ್ಲೇಟಿನ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಕೀ ಮತ್ತು ಹಿಡಿ ಎರಡೂ ಸಲೀಸಾಗಿ ಆಡುತ್ತವೆ ಅಂತ ನೋಡಿ ಆಮೇಲೆ ಬಿಗಿ ಮಾಡಿ. ತುಂಬಾ ಬಿಗಿದರೆ ಹಿಡಿ ಉಸಿರುಕಟ್ಟಿದ ಹಾಗೆ ಹಿಡಿದುಕೊಳ್ಳುತ್ತದೆ. ಈ ಪರೀಕ್ಷೆ ಎಲ್ಲಾ ಬಾಗಿಲು ತೆರೆದಿಟ್ಟೇ ಮಾಡಿ.

ಹಳೇ ಸ್ಕ್ರೂ ತೂತು ಸಡಿಲವಾಗಿದ್ದರೆ ಉರಿದು ಮುಗಿದ ಊದುಬತ್ತಿಯ ಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುಂಬಿ, ಒಣಗಿದ ಮೇಲೆ ಕತ್ತರಿಸಿ. ಹಿತ್ತಾಳೆ ಸ್ಕ್ರೂ ಗಟ್ಟಿ ಮರದಲ್ಲಿ ಪಟ್ಟನೆ ತುಂಡಾಗುತ್ತದೆ. ಅದಕ್ಕೇ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ, ತೆಗೆದು, ಹಿತ್ತಾಳೆಯದನ್ನು ಸೋಪು ಸವರಿ ಹಾಕಿ.

ಕೀ ಬಿಗಿಯಾಯಿತು ಅಂತ ಸಿಲಿಂಡರಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಧೂಳು ಕೂಡಿ ಅಂಟಾಗುತ್ತದೆ. ಪೆನ್ಸಿಲ್ ಸೀಸವನ್ನು ಪುಡಿ ಮಾಡಿ ಕೀಗೆ ಹಚ್ಚಿ ನಾಲ್ಕು ಸಲ ತಿರುಗಿಸಿ. ಲ್ಯಾಚಿನ ಓರೆ ಮುಖಕ್ಕೆ ಮೇಣದಬತ್ತಿ ಉಜ್ಜಿ.

ಮುಂಬಾಗಿಲ ಆಲ್ಡ್ರಾಪಿಗೆ (ಬೀಗ ಹಾಕುವ ದಪ್ಪ ಸರಳಿನ ಚಿಲಕ) ಬರೀ ಸ್ಕ್ರೂ ಸಾಲದು. ಬಾಗಿಲಿನ ಆಚೆ ಈಚೆ ಹಾಯುವ ಬೋಲ್ಟ್ ಹಾಕಿ, ನಟ್ಟು ಒಳಗಡೆ ಬರಲಿ.

ಇನ್ನು ಮಳೆಗಾಲ. ಜುಲೈನಲ್ಲಿ ಮರ ಉಬ್ಬಿ ಬಾಗಿಲು ಹಿಡಿದರೆ ತಕ್ಷಣ ತಗಡು ಉಜ್ಜುವುದು, ಮರ ಹೆರೆಯುವುದು ಬೇಡ. ಆ ಹದಕ್ಕೆ ಸರಿ ಮಾಡಿದ ಬಾಗಿಲು ಬೇಸಿಗೆಯಲ್ಲಿ ಒಣಗಿ ಲಟಲಟ ಅಲ್ಲಾಡುತ್ತದೆ. ಬಾಗಿಲು ತಾಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ತಾರೀಕು ಬರೆದಿಡಿ. ಜನವರಿಯಲ್ಲೂ ಅಲ್ಲೇ ಹಿಡಿದರೆ ಆಗ ಅರ ಕೈಗೆ ತಗೊಳ್ಳಿ.